ಹಳೆ ಲೋಕಕ್ಕೆ ಹೊಸ ಆಟಗಾರರು: ಗ್ರೇಹಾಕ್, ರೇವನ್‌ಲಾಫ್ಟ್, ಡಾರ್ಕ್ ಸನ್ ಆಡಿಸಲು ಯಾವ ದಾರಿ ಒಳ್ಳೆಯದು?

ಹಾಸನ, ಚಿಕ್ಕಮಗಳೂರು ಕಡೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಡುವವರು ಕಮ್ಮಿ. ಆದರೆ ಇರುವವರಿಗೆ ಹುಚ್ಚು ಜಾಸ್ತಿ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಲಿತು ಊರಿಗೆ ವಾಪಸ್ ಬಂದವರಿದ್ದಾರೆ. ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಶುರು ಮಾಡಿದವರಿದ್ದಾರೆ. ಯೂಟ್ಯೂಬ್‌ನಲ್ಲಿ ಬೇರೆಯವರ ಆಟ ನೋಡಿ ಆಸೆಪಟ್ಟವರಿದ್ದಾರೆ. ಸ್ವಲ್ಪ ದಿನ ಆಡಿದ ಮೇಲೆ ಎಲ್ಲರಿಗೂ ಒಂದು ಆಸೆ ಹುಟ್ಟುತ್ತದೆ: ಎಂಬತ್ತು, ತೊಂಬತ್ತರ ದಶಕದ ಆ ಹಳೆಯ ಲೋಕಗಳಲ್ಲಿ ಒಮ್ಮೆ ಆಡಬೇಕು. ಗ್ರೇಹಾಕ್, ರೇವನ್‌ಲಾಫ್ಟ್, ಡಾರ್ಕ್ ಸನ್. ಹೆಸರು ಕೇಳಿರುತ್ತಾರೆ, ಚಿತ್ರ ನೋಡಿರುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅನ್ನೋದು ಮಾತ್ರ ತಿಳಿಯುವುದಿಲ್ಲ.

ಹೊಸಬರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂದಿದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕೈಯಿಂದ. ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಡುತ್ತಾರೆ, ಡಂಜನ್ ಮಾಸ್ಟರ್ (ಡಿಎಂ) ಕಥೆ ನಡೆಸುತ್ತಾರೆ. ಡೈಸ್ ಹೇಗೆ ಉರುಳಿಸಬೇಕು, ಏಟು ಬಿತ್ತಾ ಇಲ್ವಾ, ಇದೆಲ್ಲ ರೂಲ್ಸ್. ಕಥೆ ನಡೆಯುವ ಜಾಗ, ಅಲ್ಲಿನ ಭೂಪಟ, ರಾಜರು, ದೇವರು, ಹಳೇ ದ್ವೇಷ, ಇದೆಲ್ಲ ಸೆಟ್ಟಿಂಗ್. ರೂಲ್ಸ್ ಆಗಾಗ ಬದಲಾಗಿವೆ. ಸೆಟ್ಟಿಂಗ್‌ಗಳನ್ನು ಮಾತ್ರ ಜನ ಮರೆತಿಲ್ಲ.

ಹಳೆ ಸೆಟ್ಟಿಂಗ್ ಒಂದನ್ನು ಈಗ ಆಡಿಸಲು ನಾಲ್ಕು ದಾರಿ ಇವೆ. ಹಳೆ ಪುಸ್ತಕವನ್ನು ಹಳೆ ರೂಲ್ಸ್ ಜೊತೆಗೇ ಆಡುವುದು. ಆಟ ಪ್ರಕಟಿಸುವ ಕಂಪನಿಯೇ ತಂದ ಹೊಸ ಆವೃತ್ತಿ ಕೊಳ್ಳುವುದು. ಹಳೆ ಪುಸ್ತಕ ಇಟ್ಟುಕೊಂಡು ಹೊಸ ರೂಲ್ಸ್‌ಗೆ ನಾವೇ ಹೊಂದಿಸುವುದು. ಇಲ್ಲವೇ ಅದರ ತಿರುಳು ಮಾತ್ರ ತೆಗೆದು ನಮ್ಮ ಮಲೆನಾಡಿನಲ್ಲಿ ನೆಡುವುದು. ನಾಲ್ಕರಲ್ಲಿ ಯಾವುದು ಅಂತ ತೀರ್ಮಾನಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಲೋಕದಲ್ಲಿ ಆಟಗಾರರಿಗೆ ಕಷ್ಟ ಆಗುವುದು ಯಾವುದು?

ಡಾರ್ಕ್ ಸನ್ 1991ರದ್ದು. ಟ್ರಾಯ್ ಡೆನಿಂಗ್, ತಿಮೋತಿ ಬ್ರೌನ್ ಕಟ್ಟಿದ್ದು. ಬ್ರಾಮ್‌ನ ಚಿತ್ರಗಳೇ ಅದಕ್ಕೆ ಮುಖ. ಆಥಾಸ್ ಅನ್ನುವ ಆ ಲೋಕದಲ್ಲಿ ನೀರಿಗೆ ಬರ, ಲೋಹಕ್ಕೆ ಬರ. ಮ್ಯಾಜಿಕ್ ಮಾಡಿದರೆ ಸುತ್ತಲಿನ ಗಿಡ ಮರ ಬೂದಿಯಾಗುತ್ತದೆ. ಗ್ರೇಹಾಕ್‌ನಲ್ಲಿ ಕಷ್ಟ ಕತ್ತಲು, ದೂರ ಮತ್ತು ದುಡ್ಡು. ರೇವನ್‌ಲಾಫ್ಟ್‌ನಲ್ಲಿ ಹೊರಗೆ ಹೋಗಲು ದಾರಿಯೇ ಇಲ್ಲ. ಮಂಜು ದಾಟಿದರೆ ಮತ್ತೆ ಅಲ್ಲಿಗೇ ಬರುತ್ತೀರಿ, ಕೋಟೆಯ ಒಡೆಯನಿಗೆ ನೀವು ಬಂದಿದ್ದು ಆಗಲೇ ಗೊತ್ತು. ಆ ಕಷ್ಟ ಉಳಿದರೆ ಲೋಕ ಉಳಿಯುತ್ತದೆ. ಅದು ಹೋದರೆ ಬರೀ ಹೆಸರು ಉಳಿಯುತ್ತದೆ. ಈ ಬರಹದಲ್ಲಿ ಒಂದೊಂದು ದಾರಿಯನ್ನೂ ನಾನು ಅಳೆಯುವುದು ಇದರಿಂದಲೇ.

ಹಳೆ ಪುಸ್ತಕ, ಹಳೆ ರೂಲ್ಸ್

ಹಳೆ ಪುಸ್ತಕಗಳು ಸಿಗುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಬಹುಪಾಲು ಪುಸ್ತಕಗಳ ಪಿಡಿಎಫ್ ಡ್ರೈವ್‌ಥ್ರೂ ಆರ್‌ಪಿಜಿ, ಡಿಎಮ್ಸ್ ಗಿಲ್ಡ್ ತಾಣಗಳಲ್ಲಿ ಕಾನೂನುಬದ್ಧವಾಗಿ ಮಾರಾಟಕ್ಕಿವೆ. ಪಿಡಿಎಫ್ ಕೊಂಡು ಬೇಕಾದ ಪುಟಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದರೆ ಸಾಕು. ಮಳೆಗಾಲದಲ್ಲಿ ಇದು ತುಂಬಾ ಉಪಯೋಗ. ಜುಲೈ ತಿಂಗಳಲ್ಲಿ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಲ್ಯಾಪ್‌ಟಾಪ್ ನಂಬಿಕೊಂಡು ಆಟ ಇಟ್ಟರೆ ಕರೆಂಟ್ ಯಾವಾಗ ಕೈ ಕೊಡುತ್ತದೋ ಹೇಳಲಾಗದು.

ಈ ದಾರಿಯ ದೊಡ್ಡ ಲಾಭ ಇಷ್ಟು: ಕಷ್ಟ ಅನ್ನೋದು ರೂಲ್ಸ್ ಒಳಗೇ ಕೂತಿದೆ. ಮೊದಲ ಆವೃತ್ತಿಯಲ್ಲಿ ಒಂದು ಚಿನ್ನದ ನಾಣ್ಯ ಹೊರಗೆ ತಂದರೆ ಒಂದು ಎಕ್ಸ್‌ಪಿ, ಅಂದರೆ ಪಾತ್ರ ಬೆಳೆಯಲು ಬೇಕಾದ ಅನುಭವದ ಅಂಕ. ರಾಕ್ಷಸನನ್ನು ಕೊಂದರೆ ಸಿಗುವುದು ಅದಕ್ಕೆ ಹೋಲಿಸಿದರೆ ಚಿಲ್ಲರೆ. ಹಾಗಾಗಿ ಜಾಣ ಆಟಗಾರರು ಹೊಡೆದಾಟಕ್ಕೆ ಇಳಿಯುವುದೇ ಇಲ್ಲ. ಸುತ್ತು ಹಾಕಿ, ಲಂಚ ಕೊಟ್ಟು, ಕಣ್ಣು ತಪ್ಪಿಸಿ ನಿಧಿ ಎತ್ತಿಕೊಂಡು ಬರುತ್ತಾರೆ. ಗಾಯ ಆದರೆ ದಿನಕ್ಕೆ ಒಂದು ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕ) ಮಾತ್ರ ವಾಪಸ್. ಈಗಿನ ಐದನೇ ಆವೃತ್ತಿಯಲ್ಲಿ ಒಂದು ರಾತ್ರಿ ನಿದ್ದೆ ಮಾಡಿದರೆ ಎಲ್ಲಾ ಹಿಟ್ ಪಾಯಿಂಟ್ ಬಂದುಬಿಡುತ್ತವೆ. ಗ್ರೇಹಾಕ್‌ನ ಊರುಗಳು, ಛತ್ರಗಳು, ವೈದ್ಯ ಮಾಡುವ ಪೂಜಾರಿಗಳು, ಇವರೆಲ್ಲ ಅಷ್ಟು ಮುಖ್ಯ ಆಗಿದ್ದು ಯಾಕೆ ಅಂತ ಈ ಒಂದು ರೂಲ್ ನೋಡಿದರೆ ಗೊತ್ತಾಗುತ್ತದೆ. ಗಾಯಗೊಂಡವರು ವಾರಗಟ್ಟಲೆ ಊರಲ್ಲಿ ಕೂರಬೇಕಿತ್ತು.

ನಷ್ಟ ಏನು? ಓದುವುದು ಕಷ್ಟ. ಕೋಷ್ಟಕದ ಮೇಲೆ ಕೋಷ್ಟಕ. ಆರ್ಮರ್ ಕ್ಲಾಸ್ (ಏಟು ತಗಲಿಸುವುದು ಎಷ್ಟು ಕಷ್ಟ ಅನ್ನುವ ಅಂಕ) ಕಮ್ಮಿ ಇದ್ದಷ್ಟೂ ಒಳ್ಳೆಯದು ಅನ್ನುವ ತಲೆಕೆಳಗು ಲೆಕ್ಕ. ಹೊಸಬರು ಮೊದಲ ಗಂಟೆಯಲ್ಲೇ ಸುಸ್ತಾಗುತ್ತಾರೆ. ಇದಕ್ಕೆ ಒಳ್ಳೆಯ ನಡುದಾರಿ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್. ಗ್ಯಾವಿನ್ ನಾರ್ಮನ್ 2019ರಲ್ಲಿ ತಂದದ್ದು. 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ರೂಲ್ಸನ್ನೇ ಹೊಸದಾಗಿ, ಒಂದು ವಿಷಯಕ್ಕೆ ಒಂದು ಪುಟ ಅನ್ನುವ ಹಾಗೆ ನೀಟಾಗಿ ಜೋಡಿಸಿದ್ದಾರೆ. ಅದರ ಬೇಸಿಕ್ ರೂಲ್ಸ್ ಪಿಡಿಎಫ್ ಉಚಿತ.

ಕಂಪನಿಯ ಹೊಸ ಆವೃತ್ತಿ

ಸಮಯ ಇಲ್ಲದವರಿಗೆ ಇದೇ ಸುಲಭ. ಆದರೆ ಎಲ್ಲಾ ಸೆಟ್ಟಿಂಗ್‌ಗೂ ಒಂದೇ ತೂಕದ ಪುಸ್ತಕ ಬಂದಿಲ್ಲ. ರೇವನ್‌ಲಾಫ್ಟ್‌ಗೆ 2016ರ ಕರ್ಸ್ ಆಫ್ ಸ್ಟ್ರಾಡ್ ಇದೆ. ಟ್ರೇಸಿ ಮತ್ತು ಲಾರಾ ಹಿಕ್‌ಮನ್ 1983ರಲ್ಲಿ ಬರೆದ ಒಂದು ಕೋಟೆಯ ಸಾಹಸವನ್ನು ಇಡೀ ಕಣಿವೆಯಾಗಿ ಬೆಳೆಸಿದ ಪುಸ್ತಕ. ಹಳೆಯದನ್ನು ಹೇಗೆ ಎತ್ತಿ ನಿಲ್ಲಿಸಬೇಕು ಅನ್ನುವುದಕ್ಕೆ ಕಂಪನಿ ಕಡೆಯಿಂದ ಬಂದ ಅತ್ಯುತ್ತಮ ಉದಾಹರಣೆ ಇದೇ ಅಂತ ನನ್ನ ಅಭಿಪ್ರಾಯ. ಹೊರಗೆ ಹೋಗಲಾಗದ ಕಷ್ಟ ಅದರಲ್ಲಿ ಪೂರ್ತಿ ಉಳಿದಿದೆ. ಅಲೆಮಾರಿ ವಿಸ್ಟಾನಿ ಜನರನ್ನು ರೋಮಾ ಜನಾಂಗದ ಬಗ್ಗೆ ಇರುವ ಕೆಟ್ಟ ಕಲ್ಪನೆಗಳ ಮೇಲೆ ಬರೆದಿದ್ದರು ಅನ್ನುವ ಆಕ್ಷೇಪ ಬಂದಾಗ 2020ರಲ್ಲಿ ಆ ಭಾಗಗಳನ್ನು ತಿದ್ದಿದರು. ಕೊಳ್ಳುವವರು ತಿದ್ದಿದ ಮುದ್ರಣವನ್ನೇ ಕೊಳ್ಳಿ.

ಗ್ರೇಹಾಕ್‌ಗೆ 2024ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಒಂದು ಅಧ್ಯಾಯ ಇದೆ. ಮಾದರಿ ಸೆಟ್ಟಿಂಗ್ ಅಂತ ಕೊಟ್ಟಿದ್ದಾರೆ. ಆ ಗೈಡ್ ನಿಮ್ಮಲ್ಲಿ ಹೇಗೂ ಇದ್ದರೆ ಬೇರೆ ಕೊಳ್ಳುವ ಅಗತ್ಯವಿಲ್ಲ. ಬೇರೆ ಹಳೆ ಸೆಟ್ಟಿಂಗ್‌ಗಳಲ್ಲಿ ಡ್ರ್ಯಾಗನ್‌ಲ್ಯಾನ್ಸ್ 2022ರಲ್ಲಿ, ಪ್ಲೇನ್‌ಸ್ಕೇಪ್ 2023ರಲ್ಲಿ ಬಂದವು. ಸ್ಪೆಲ್‌ಜ್ಯಾಮರ್ ಕೂಡ 2022ರಲ್ಲಿ ಬಂತು, 64 ಪುಟಗಳ ಮೂರು ತೆಳು ಪುಸ್ತಕ. ನಕ್ಷತ್ರಗಳ ನಡುವೆ ಹಡಗು ನಡೆಸುವ ಸೆಟ್ಟಿಂಗ್ ಅದು. ಹಡಗು ಹಡಗಿನ ನಡುವೆ ಯುದ್ಧ ಹೇಗೆ ಅನ್ನುವ ರೂಲ್ಸೇ ತೀರಾ ಕಮ್ಮಿ. ನಾನಾದರೆ ಕೊಳ್ಳಲ್ಲ. ಡಾರ್ಕ್ ಸನ್‌ಗೆ ಐದನೇ ಆವೃತ್ತಿಯ ಕಾಲದುದ್ದಕ್ಕೂ, ಅಂದರೆ 2014ರಿಂದ ಹತ್ತು ವರ್ಷ, ಒಂದು ಪುಸ್ತಕವೂ ಬರಲಿಲ್ಲ. ಆಥಾಸ್ ಬೇಕು ಅನ್ನುವವರು ಮುಂದಿನ ಭಾಗ ಗಮನವಿಟ್ಟು ಓದಿ.

ನಾವೇ ಹೊಂದಿಸುವುದು

ಆಸಕ್ತಿಯ ಕೆಲಸ ಇರುವುದು ಇಲ್ಲೇ. ಎಡವುವುದೂ ಇಲ್ಲೇ. ಜನ ಮೊದಲು ರಾಕ್ಷಸರ ಅಂಕಿ ಅಂಶ ಬದಲಾಯಿಸಲು ಕೂರುತ್ತಾರೆ. ಆ ಕೆಲಸ ಬೇಕಿಲ್ಲ. ಅದೇ ಹೆಸರಿನ ರಾಕ್ಷಸ ಹೊಸ ಮಾನ್‌ಸ್ಟರ್ ಮ್ಯಾನ್ಯುವಲ್‌ನಲ್ಲಿದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಅದೇ ಗಾತ್ರದ ಇನ್ನೊಂದಕ್ಕೆ ಹೆಸರು ಬದಲಾಯಿಸಿ. ಆರ್ಮರ್ ಕ್ಲಾಸ್ ಮಾತ್ರ ಬೇಕಾದರೆ ಹಳೆ ಸಂಖ್ಯೆಯನ್ನು 20ರಲ್ಲಿ ಕಳೆಯಿರಿ. ಹಳೆ ಪುಸ್ತಕದಲ್ಲಿ 4 ಇದ್ದರೆ ಹೊಸದರಲ್ಲಿ 16. ಅಷ್ಟೇ ಲೆಕ್ಕ.

ನಿಜವಾದ ಕೆಲಸ ಸ್ಪೆಲ್‌ಗಳ (ಮಂತ್ರಗಳ) ಪಟ್ಟಿಯಲ್ಲಿದೆ. ಡಾರ್ಕ್ ಸನ್ ನೋಡೋಣ. 2014ರ ರೂಲ್ಸ್ ಪ್ರಕಾರ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಬೇಕು, ಸೆಕೆ ಇದ್ದರೆ ಎರಡು. ಎರಡು ಗ್ಯಾಲನ್ ಅಂದರೆ ಸುಮಾರು ಏಳೂವರೆ ಲೀಟರ್. ಹೊತ್ತು ನಡೆಯುವುದು ಸುಲಭ ಅಲ್ಲ. ಇಲ್ಲಿವರೆಗೆ ಚೆನ್ನಾಗಿದೆ. ಆದರೆ ಅದೇ ರೂಲ್ಸ್‌ನಲ್ಲಿ ನೀರು ಹುಟ್ಟಿಸುವ ಒಂದನೇ ಲೆವೆಲ್ ಸ್ಪೆಲ್ ಒಂದಿದೆ. ಒಂದು ಸಲ ಹಾಕಿದರೆ ಹತ್ತು ಗ್ಯಾಲನ್ ನೀರು. ಐದು ಜನರ ಪಾರ್ಟಿಗೆ (ಪಾತ್ರಗಳ ಗುಂಪಿಗೆ) ಮರುಭೂಮಿಯಲ್ಲಿ ಒಂದು ದಿನಕ್ಕೆ ಸರಿಯಾಗಿ ಅಷ್ಟೇ ಬೇಕು! ಒಬ್ಬ ಕ್ಲೆರಿಕ್ (ಪೂಜಾರಿ ಪಾತ್ರ) ಬೆಳಗ್ಗೆ ಎದ್ದು ಒಂದು ಸ್ಪೆಲ್ ಹಾಕಿದರೆ ಆಥಾಸ್ ಮುಗಿಯಿತು. ಊಟಕ್ಕೂ ಹೀಗೇ. ಗುಡ್‌ಬೆರಿ ಸ್ಪೆಲ್‌ನಿಂದ ಹತ್ತು ಹಣ್ಣು, ಒಂದು ಹಣ್ಣು ತಿಂದರೆ ಒಂದು ದಿನ ಹೊಟ್ಟೆ ತುಂಬಿದ ಹಾಗೆ.

ಹಾಗಾಗಿ ಈ ಎರಡು ಸ್ಪೆಲ್ ತೆಗೆದುಹಾಕಿ. ಪೂರ್ತಿ ತೆಗೆಯುವುದು ಬೇಡ ಅನ್ನಿಸಿದರೆ ನೀರನ್ನು ಒಂದು ಗ್ಯಾಲನ್‌ಗೆ, ಹಣ್ಣನ್ನು ಒಂದಕ್ಕೆ ಇಳಿಸಿ. ಔಟ್‌ಲ್ಯಾಂಡರ್ (ಊರಾಚೆ ಕಾಡುಮೇಡಲ್ಲಿ ಬೆಳೆದ) ಹಿನ್ನೆಲೆಯ ಪಾತ್ರ ತನಗೂ ಇನ್ನೈದು ಜನಕ್ಕೂ ದಿನಾ ಊಟ ನೀರು ಹುಡುಕಬಲ್ಲದು ಅಂತ ರೂಲ್ ಇದೆ. ಆದರೆ ನೆಲದಲ್ಲಿ ಅದು ಇದ್ದರೆ ಮಾತ್ರ ಅನ್ನುವ ಷರತ್ತೂ ಅದರಲ್ಲೇ ಇದೆ. ಆಥಾಸ್‌ನ ನೆಲದಲ್ಲಿ ಇಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಆಟದ ನಡುವೆ ಹೇಳಿದರೆ ಮೋಸ ಆದ ಹಾಗೆ ಅನ್ನಿಸುತ್ತದೆ.

ನೀರಿನ ಲೆಕ್ಕವನ್ನು ಕಾಗದದಲ್ಲಿ ಬರೆದರೆ ಯಾರೂ ನೋಡುವುದಿಲ್ಲ. ನಮ್ಮ ಟೇಬಲ್‌ನಲ್ಲಿ ಹುಣಸೆ ಬೀಜ ಇಡುತ್ತೇವೆ. ಒಂದು ಬೀಜ ಒಬ್ಬರಿಗೆ ಒಂದು ದಿನದ ನೀರು. ಎಲ್ಲರ ಕಣ್ಣ ಮುಂದೆ ಒಂದು ಸ್ಟೀಲ್ ಬಟ್ಟಲಲ್ಲಿ. ಒಂದು ಸಲ ಪಾರ್ಟಿ ಆಥಾಸ್‌ನ ಟೈರ್ ಪಟ್ಟಣದಿಂದ ಹೊರಟು ಎರಡು ದಿನ ಆಗಿತ್ತು. ದಾರಿಯಲ್ಲಿ ಕಾರವಾನ್ ಬಿಟ್ಟುಹೋದ ಮುದುಕನೊಬ್ಬ ಸಿಕ್ಕಿದ.

"ಬೀಜ ಎಷ್ಟಿದೆ?" ಅಂತ ಕೇಳಿದೆ.

"ಎಂಟು. ನಾವು ನಾಲ್ಕು ಜನ, ಎರಡು ದಿನಕ್ಕೆ ಸರಿ ಹೋಗುತ್ತೆ."

"ಮುದುಕ?"

"ಅವನನ್ನ ಕರ್ಕೊಂಡು ಹೋದ್ರೆ ಎರಡನೇ ದಿನ ಇಬ್ಬರಿಗೆ ನೀರಿಲ್ಲ ಮಗಾ," ಅಂದ ಸಕಲೇಶಪುರದ ಹುಡುಗ, ಪಕ್ಕದವನಿಗೆ.

"ಅವನಿಗೆ ಬಾವಿ ಎಲ್ಲಿದೆ ಅಂತ ಗೊತ್ತಿರಬಹುದು ಅಲ್ವಾ? ಅಣ್ಣಾ, ನಾನು ಇವತ್ತು ಅರ್ಧ ಕುಡೀತೀನಿ. ಇನ್ನರ್ಧ ಅವನಿಗೆ," ಅಂದಳು ಚಿಕ್ಕಮಗಳೂರಿನ ಹುಡುಗಿ, ನನ್ನ ಕಡೆ ತಿರುಗಿ.

ಅಲ್ಲಿಂದ ಅರ್ಧ ಗಂಟೆ ಜಗಳ. ಒಂದು ಕತ್ತಿ ಬೀಸಲಿಲ್ಲ, ಒಂದು ಡೈಸ್ ಉರುಳಲಿಲ್ಲ. ಅವತ್ತು ಆಡಿದ್ದು ಡಾರ್ಕ್ ಸನ್ ಅಂತ ಯಾರಿಗೂ ಅನುಮಾನ ಇರಲಿಲ್ಲ. ಆಥಾಸ್‌ನ ಮೂವತ್ತು ಪುಟ ಇತಿಹಾಸ ಓದಿ ಹೇಳಿದ್ದರೂ ಇದು ಬರುತ್ತಿರಲಿಲ್ಲ.

ಉಳಿದ ಬದಲಾವಣೆಗೆ 2010ರ ನಾಲ್ಕನೇ ಆವೃತ್ತಿಯ ಡಾರ್ಕ್ ಸನ್ ಪುಸ್ತಕದಿಂದ ಎರಡು ರೂಲ್ ಎತ್ತಿಕೊಳ್ಳಿ. ಎರಡೂ ಬಹಳ ಜಾಣ ರೂಲ್. ಮೊದಲನೆಯದು ಆಯುಧದ್ದು. ಕಬ್ಬಿಣ ಇಲ್ಲದ ಲೋಕದಲ್ಲಿ ಮೂಳೆ, ಕಲ್ಲು, ಮರದ ಆಯುಧ. ಡೈಸ್‌ನಲ್ಲಿ 1 ಬಿದ್ದರೆ ಆಟಗಾರ ಸೋಲು ಒಪ್ಪಬಹುದು, ಇಲ್ಲವೇ ಮತ್ತೊಮ್ಮೆ ಉರುಳಿಸಬಹುದು. ಮತ್ತೆ ಉರುಳಿಸಿದರೆ ಏಟು ಬೀಳಲಿ ಬಿಡಲಿ, ಮೂಳೆಯ ಕತ್ತಿ ಮುರಿಯುತ್ತದೆ. ಎರಡನೆಯದು ಮ್ಯಾಜಿಕ್‌ದು. ಮಾಂತ್ರಿಕ ನೆಲದ ಜೀವ ಹೀರಿದರೆ ಡೈಸ್ ಮತ್ತೊಮ್ಮೆ ಉರುಳಿಸುವ ಅವಕಾಶ ಸಿಗುತ್ತದೆ, ಆದರೆ ಹತ್ತಿರ ನಿಂತ ಗೆಳೆಯರಿಗೇ ಏಟು. ಎರಡರಲ್ಲೂ ಡಿಎಂ ಶಿಕ್ಷೆ ಕೊಡುವುದಿಲ್ಲ. ಆಟಗಾರನೇ ಆಸೆಗೆ ಬಿದ್ದು ಆರಿಸಿಕೊಳ್ಳುತ್ತಾನೆ. ಲೆಕ್ಕ ಬೇರೆ ಆವೃತ್ತಿಯದ್ದಾದರೂ ಐದನೇ ಆವೃತ್ತಿಗೆ ತರುವುದು ಕಷ್ಟವಿಲ್ಲ. ಗೆಳೆಯರಿಗೆ ಬೀಳುವ ಏಟನ್ನು ಸ್ಪೆಲ್‌ನ ಲೆವೆಲ್‌ಗೆ ಒಂದು ಆರು ಮುಖದ ಡೈಸ್ ಅಂತ ಇಟ್ಟರೆ ಸಾಕು.

ಗಾಯ ಬೇಗ ಮಾಯುವ ತೊಂದರೆಗೆ ಪರಿಹಾರ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಇದೆ. ಗ್ರಿಟ್ಟಿ ರಿಯಲಿಸಂ ಅನ್ನುವ ಐಚ್ಛಿಕ ರೂಲ್. ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಎಂಟು ಗಂಟೆ, ಲಾಂಗ್ ರೆಸ್ಟ್ (ಎಲ್ಲಾ ಹಿಟ್ ಪಾಯಿಂಟ್ ವಾಪಸ್ ಬರುವ ವಿಶ್ರಾಂತಿ) ಏಳು ದಿನ. ಪ್ರಯಾಣ ಜಾಸ್ತಿ ಇರುವ ಸೆಟ್ಟಿಂಗ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಒಂದೇ ಡಂಜನ್ (ಅಪಾಯ, ನಿಧಿ ತುಂಬಿದ ನೆಲಮಾಳಿಗೆ) ಒಳಗೆ ದಿನವಿಡೀ ಕಳೆಯುವ ಆಟಕ್ಕೆ ಮಾತ್ರ ಬೇಡ.

ಇನ್ನು ಐದನೇ ಆವೃತ್ತಿಯೇ ಬೇಕಾ ಅನ್ನುವ ಪ್ರಶ್ನೆ. ಗ್ರೇಹಾಕ್‌ಗೆ ನಾನು ಬೇಡ ಅನ್ನುತ್ತೇನೆ. ಅದಕ್ಕೆ ಶ್ಯಾಡೋಡಾರ್ಕ್ ಸರಿ. ಕೆಲ್ಸಿ ಡಿಯೋನ್ 2023ರಲ್ಲಿ ತಂದ ಆಟ. ಐದನೇ ಆವೃತ್ತಿ ಆಡಿ ಗೊತ್ತಿದ್ದವರಿಗೆ ಹತ್ತು ನಿಮಿಷದಲ್ಲಿ ಅರ್ಥ ಆಗುತ್ತದೆ, ಆಟದ ರುಚಿ ಮಾತ್ರ ಎಂಬತ್ತರದ್ದು. ಅದರಲ್ಲಿ ಆಟಗಾರರ ಯಾವ ಪಾತ್ರಕ್ಕೂ ಕತ್ತಲಲ್ಲಿ ಕಣ್ಣು ಕಾಣಿಸುವುದಿಲ್ಲ. ಒಂದು ಪಂಜು ನಿಜವಾದ ಒಂದು ಗಂಟೆ ಉರಿಯುತ್ತದೆ, ಗಡಿಯಾರದ ಗಂಟೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟು ಟೇಬಲ್ ನಡುವೆ ಇಟ್ಟರೆ ಆಟಗಾರರು ಹರಟೆ ಹೊಡೆಯುವುದೇ ನಿಲ್ಲಿಸುತ್ತಾರೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಾಸನದವರು, ಚಿಕ್ಕಮಗಳೂರಿನವರು ಸೇರಿ ಆಡುವುದಾದರೆ ನಡುವೆ ಬೇಲೂರಿನಲ್ಲಿ ಸೇರುವುದೇ ಅನುಕೂಲ. ಸಂಜೆ ಬಸ್ ಹಿಡಿಯಬೇಕು. ಐದನೇ ಆವೃತ್ತಿಯಲ್ಲಿ ಒಂದು ದೊಡ್ಡ ಹೊಡೆದಾಟಕ್ಕೇ ಗಂಟೆ ಮೇಲೆ ಹೋಗುತ್ತದೆ. ಶ್ಯಾಡೋಡಾರ್ಕ್‌ನಲ್ಲಿ ಅದೇ ಹೊತ್ತಿಗೆ ಒಳಗೆ ಹೋಗಿ, ಏಟು ತಿಂದು, ನಿಧಿ ಹೊತ್ತು ಹೊರಗೆ ಬಂದಿರುತ್ತೀರಿ. ಕ್ವಿಕ್‌ಸ್ಟಾರ್ಟ್ ಪಿಡಿಎಫ್ ಉಚಿತ.

ಗ್ರೇಹಾಕ್‌ಗೆ ಯಾವ ಪುಸ್ತಕ ಅಂತ ಕೇಳಿದರೆ 1980ರ ಫೋಲಿಯೊ. ಬರೀ 32 ಪುಟ, ಜೊತೆಗೆ ಡಾರ್ಲೀನ್ ಬಿಡಿಸಿದ ದೊಡ್ಡ ಭೂಪಟ. ಒಂದೊಂದು ರಾಜ್ಯಕ್ಕೂ ನಾಲ್ಕು ಮಾತು, ಉಳಿದದ್ದು ಖಾಲಿ. ಆ ಖಾಲಿ ಜಾಗವೇ ಗ್ರೇಹಾಕ್‌ನ ಆಸ್ತಿ. ಭೂಪಟದ ಒಂದು ಷಟ್ಕೋನ ಮನೆ ಅಂದರೆ 30 ಮೈಲಿ, ಸುಮಾರು 48 ಕಿಲೋಮೀಟರ್. ಹಾಸನದಿಂದ ಬೇಲೂರಿಗಿಂತ ಸ್ವಲ್ಪ ಜಾಸ್ತಿ. ಆ ಒಂದು ಮನೆಯೊಳಗೆ ನಮ್ಮ ಕಡೆ ಎಷ್ಟು ಊರು, ಎಷ್ಟು ಕೆರೆ, ಎಷ್ಟು ಪಾಳುಬಿದ್ದ ಗುಡಿ ಇವೆ ಅಂತ ಒಮ್ಮೆ ಯೋಚಿಸಿ. ಇಡೀ ಕ್ಯಾಂಪೇನ್ (ವಾರ ವಾರ ಮುಂದುವರಿಯುವ ಕಥೆ) ಒಂದೇ ಮನೆಯಲ್ಲಿ ಮುಗಿಸಬಹುದು.

ಯಾವ ವರ್ಷದಿಂದ ಶುರು?

ದಾರಿ ಯಾವುದೇ ಇರಲಿ, ಈ ತೀರ್ಮಾನ ಮಾಡಲೇಬೇಕು. ಹಳೆ ಸೆಟ್ಟಿಂಗ್‌ಗಳ ಕಾಲ ಮುಂದೆ ಹೋಗಿದೆ, ಯುದ್ಧ ಆಗಿದೆ, ರಾಜರು ಸತ್ತಿದ್ದಾರೆ, ಕಾದಂಬರಿಯ ನಾಯಕರು ಎಲ್ಲಾ ದೊಡ್ಡ ಕೆಲಸ ಮುಗಿಸಿಬಿಟ್ಟಿದ್ದಾರೆ.

ಕಾಲವನ್ನು ಮುಂದಕ್ಕೆ ಹಾರಿಸಿದ ದೊಡ್ಡ ಉದಾಹರಣೆ ಫರ್ಗಾಟನ್ ರೆಲ್ಮ್ಸ್ ಅನ್ನುವ ಇನ್ನೊಂದು ಸೆಟ್ಟಿಂಗ್. 2008ರಲ್ಲಿ ಒಂದು ದೊಡ್ಡ ದುರಂತ ತಂದು, ಕಾಲವನ್ನು ಹತ್ತಿರ ಹತ್ತಿರ ನೂರು ವರ್ಷ ಮುಂದಕ್ಕೆ ತಳ್ಳಿದರು. ಹಳೆ ಅಭಿಮಾನಿಗಳಿಗೆ ಗುರುತಿನ ಮುಖಗಳೇ ಉಳಿಯಲಿಲ್ಲ. ಐದನೇ ಆವೃತ್ತಿಯ ಹೊತ್ತಿಗೆ ಎಷ್ಟೋ ಬದಲಾವಣೆಗಳನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಟ್ರಾವಲರ್ ಆಟದ ಕಥೆಯೂ ಇದೇ. 1977ರ ಬಾಹ್ಯಾಕಾಶದ ಆಟ. 1987ರಲ್ಲಿ ಸಾಮ್ರಾಟನ ಹತ್ಯೆ, ಅಂತರ್ಯುದ್ಧ. 1993ರಲ್ಲಿ ಇಡೀ ಸಾಮ್ರಾಜ್ಯವೇ ನಾಶ. ಕೊನೆಗೆ 2008ರಲ್ಲಿ ಮಂಗೂಸ್ ಕಂಪನಿ ಹೊಸದಾಗಿ ತಂದಾಗ ಮತ್ತೆ ಸಾಮ್ರಾಜ್ಯ ಗಟ್ಟಿಯಾಗಿದ್ದ 1105ನೇ ವರ್ಷಕ್ಕೇ ಹೋದರು.

ಎಬೆರಾನ್ ಸೆಟ್ಟಿಂಗ್ ಇನ್ನೊಂದು ರೀತಿ, ಅಲ್ಲಿ ಕಾಲ ಸರಿಯುವುದೇ ಇಲ್ಲ. ಕೀತ್ ಬೇಕರ್ ಕಟ್ಟಿದ ಆ ಲೋಕ 2004ರಲ್ಲಿ ಬಂದಾಗ 998ನೇ ವರ್ಷ. ನಾಲ್ಕನೇ ಆವೃತ್ತಿಯಲ್ಲೂ 998, 2019ರ ಪುಸ್ತಕದಲ್ಲೂ 998. ಮುಂದೆ ಏನಾಗುತ್ತದೆ ಅನ್ನುವುದು ನಿಮ್ಮ ಟೇಬಲ್‌ಗೆ ಬಿಟ್ಟಿದ್ದು.

ನನ್ನ ಆಯ್ಕೆ ಮೂರನೆಯದು, ಹಿಂದಕ್ಕೆ ಸರಿಸುವುದು. ಲೋಕ ಇನ್ನೇನು ಮುರಿಯುತ್ತದೆ ಅನ್ನುವ ಗಳಿಗೆಗೆ ಹೋಗಿ ನಿಲ್ಲಿ. ಡಾರ್ಕ್ ಸನ್‌ನ 2010ರ ಪುಸ್ತಕ ಇದನ್ನು ಚೆನ್ನಾಗಿ ಮಾಡಿದೆ. ಟೈರ್‌ನ ಮಾಂತ್ರಿಕ ರಾಜ ಕಲಾಕ್ ಈಗ ತಾನೇ ಸತ್ತಿದ್ದಾನೆ, ಗುಲಾಮರಿಗೆ ಬಿಡುಗಡೆ ಸಿಕ್ಕಿದೆ. ಉಳಿದ ಪಟ್ಟಣಗಳ ರಾಜರು ಹಾಗೇ ಇದ್ದಾರೆ, ಸಿಟ್ಟಿನಲ್ಲಿದ್ದಾರೆ. ಡಾರ್ಕ್ ಸನ್‌ನ 1995ರ ತಿದ್ದಿದ ಬಾಕ್ಸ್ ಸೆಟ್‌ನಲ್ಲಿ ಕಾದಂಬರಿಗಳಲ್ಲಿ ಆದದ್ದೆಲ್ಲ ಆಗಿಹೋಗಿತ್ತು. ಆಟಗಾರರಿಗೆ ಮಾಡಲು ಉಳಿದದ್ದು ಕಮ್ಮಿ.

ಟೇಬಲ್‌ಗೆ ಕೂರುವ ಮೊದಲು ಮಾತಾಡಬೇಕಾದದ್ದು

ಆಥಾಸ್‌ನ ಪಟ್ಟಣಗಳೆಲ್ಲ ಗುಲಾಮರ ದುಡಿಮೆಯ ಮೇಲೆ ನಿಂತಿವೆ. ಇದನ್ನು ಸುಮ್ನೆ ಬಣ್ಣಕ್ಕೆ ಅಂತ ಇಡಬಾರದು. ನಮ್ಮ ನೆಲದಲ್ಲಿ ಜೀತ ಪದ್ಧತಿ ರದ್ದಾಗುವ ಕಾಯಿದೆ ಬಂದಿದ್ದು 1976ರಲ್ಲಿ. ಟೇಬಲ್ ಸುತ್ತ ಕೂತವರಲ್ಲಿ ಒಬ್ಬರ ಅಜ್ಜ ಜೀತಕ್ಕಿದ್ದಿರಬಹುದು, ಇನ್ನೊಬ್ಬರ ಅಜ್ಜನ ಮನೆಯಲ್ಲಿ ಆಳುಗಳಿದ್ದಿರಬಹುದು. ತೋಟದ ಲೈನ್ ಮನೆಯಲ್ಲಿ ಬೆಳೆದವರೂ, ಬಂಗಲೆಯಲ್ಲಿ ಬೆಳೆದವರೂ ಒಂದೇ ಬಟ್ಟಲಿಂದ ಹುಣಸೆ ಬೀಜ ಎಣಿಸುತ್ತಿರಬಹುದು. ಅಮೆರಿಕದಲ್ಲಿ ಕೂತು ಬರೆದವರಿಗೆ ಇದು ಹೊಳೆದಿರಲಿಕ್ಕಿಲ್ಲ. ನಮಗೆ ಹೊಳೆಯಬೇಕು.

ಹಾಗಂತ ಡಾರ್ಕ್ ಸನ್ ಬಿಡಬೇಕಿಲ್ಲ. ಮೊದಲ ದಿನ ಡೈಸ್ ಮುಟ್ಟದೆ ಮಾತಾಡಿ. ಯಾವುದು ಆಟದಲ್ಲಿ ಬರಲೇಬಾರದು, ಯಾವುದು ಬಂದರೂ ವಿವರ ಬೇಡ ಅಂತ ಎರಡು ಪಟ್ಟಿ ಮಾಡಿ. ಆಟದ ನಡುವೆ ಯಾರಿಗಾದರೂ ಹಿಂಸೆ ಅನ್ನಿಸಿದರೆ ಕಾರಣ ಹೇಳದೆ ನಿಲ್ಲಿಸಲು ಎಕ್ಸ್ ಬರೆದ ಕಾರ್ಡ್ ಒಂದನ್ನು ನಡುವೆ ಇಡಿ. ನಾನು ಇನ್ನೊಂದು ನಿಯಮ ಸೇರಿಸುತ್ತೇನೆ: ಆಟಗಾರರು ಆಳು ಇಟ್ಟುಕೊಳ್ಳುವ ಪಾತ್ರ ಆಡುವಂತಿಲ್ಲ. ಬಿಡುಗಡೆಯ ಕಡೆ ನಿಂತರೆ ಆಥಾಸ್ ಇನ್ನೂ ಗಟ್ಟಿಯಾಗುತ್ತದೆ.

ಮಲೆನಾಡಿಗೆ ತರುವುದು

ನಾಲ್ಕನೇ ದಾರಿ ಎಲ್ಲಕ್ಕಿಂತ ಜಾಸ್ತಿ ಕೆಲಸದ್ದು, ಖರ್ಚು ಮಾತ್ರ ಕಮ್ಮಿ. ಇದಕ್ಕೆ ರೇವನ್‌ಲಾಫ್ಟ್‌ನಷ್ಟು ಹೊಂದುವ ಸೆಟ್ಟಿಂಗ್ ಇನ್ನೊಂದಿಲ್ಲ. ಆಷಾಢದಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಮಂಜು ದಾರಿ ಮುಚ್ಚುವುದು ಅಂದರೆ ಏನು ಅಂತ ವಿವರಿಸಬೇಕಿಲ್ಲ. ರೇವನ್‌ಲಾಫ್ಟ್‌ನ ಕಥೆ ನಡೆಯುವ ಬರೋವಿಯಾ ಕಣಿವೆಯ ಜಾಗದಲ್ಲಿ ಘಟ್ಟದ ಒಂದು ಕಣಿವೆ. ಕುಸಿದ ರಸ್ತೆ. ಹಳೇ ತೋಟದ ಬಂಗಲೆಯ ಒಡೆಯ, ವಯಸ್ಸೇ ಆಗದವನು. ಅವನ ಕೋಟೆಗೆ ಸಕಲೇಶಪುರದ ಮಂಜರಾಬಾದ್ ಕೋಟೆಯ ನಕ್ಷೆಯನ್ನೇ ಬಳಸಬಹುದು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಅದು. ಯಾವ ಮೂಲೆಯಿಂದ ನೋಡಿದರೂ ಇನ್ನೊಂದು ಗೋಡೆ ಕಾಣುತ್ತದೆ, ಕದ್ದು ಹೋಗುವವರಿಗೆ ಎಲ್ಲೂ ಮರೆ ಇಲ್ಲ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಪಾಳು ಚರ್ಚ್ ನೋಡಿದ್ದೀರಲ್ವಾ? ಬೇಸಿಗೆಯಲ್ಲಿ ನಡೆದು ಹೋಗಬಹುದಾದ ಜಾಗಕ್ಕೆ ಮಳೆಗಾಲದಲ್ಲಿ ತೆಪ್ಪ ಬೇಕು. ಅಂಥದ್ದೇ ಒಂದು ಕಟ್ಟಡ ನಿಮ್ಮ ಭೂಪಟದಲ್ಲಿದ್ದರೆ ಯಾವ ತಿಂಗಳು ಅಲ್ಲಿಗೆ ಹೋಗುವುದು ಅನ್ನುವುದೇ ಒಂದು ಆಟ.

1983ರ ಮೂಲ ಸಾಹಸದಲ್ಲಿ ಒಂದು ಅದ್ಭುತ ಉಪಾಯ ಇದೆ. ಅದನ್ನು ಬಿಡಲೇಬೇಡಿ. ಕಣಿ ಹೇಳುವ ಮುದುಕಿ ಸಾಮಾನ್ಯ ಇಸ್ಪೀಟ್ ಎಲೆ ಹಾಕುತ್ತಾಳೆ. ಒಡೆಯನನ್ನು ಸೋಲಿಸುವ ಕತ್ತಿ ಎಲ್ಲಿದೆ, ಅವನ ಗುಟ್ಟು ಬರೆದ ಪುಸ್ತಕ ಎಲ್ಲಿದೆ, ಕೊನೆಗೆ ಅವನು ಎಲ್ಲಿ ಸಿಗುತ್ತಾನೆ, ಎಲ್ಲವನ್ನೂ ಆ ಎಲೆಗಳೇ ತೀರ್ಮಾನಿಸುತ್ತವೆ. ಡಿಎಂಗೂ ಮೊದಲೇ ಗೊತ್ತಿರುವುದಿಲ್ಲ. ನಮ್ಮ ಆಟದಲ್ಲಿ ಕಳಾವರ್ ಅಂದರೆ ತೋಟ, ಇಸ್ಪೀಟು ಅಂದರೆ ಕೋಟೆ, ಆಟೀನು ಅಂದರೆ ಊರು, ಡೈಮಂಡ್ ಅಂದರೆ ಹೊಳೆ ಅಂತ ಇಟ್ಟುಕೊಂಡೆವು. ಎಲೆಯ ಸಂಖ್ಯೆ ಆ ಜಾಗದ ಯಾವ ಕೋಣೆ, ಯಾವ ಮನೆ ಅಂತ ಹೇಳುತ್ತದೆ. ಹತ್ತು ರೂಪಾಯಿಯ ಹಳೇ ಕಟ್ಟಿದ್ದರೂ ನಡೆಯುತ್ತದೆ. ಎಲೆ ತಿರುಗಿಸುವ ಕೆಲಸ ಆಟಗಾರರ ಕೈಗೇ ಕೊಡಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪೂಜೆ ನಡೆಯುವ ಜಾಗವನ್ನು ಡಂಜನ್ ಮಾಡಬೇಡಿ. 1980ರ ಡೀಟೀಸ್ ಅಂಡ್ ಡೆಮಿಗಾಡ್ಸ್ ಪುಸ್ತಕದಲ್ಲಿ ಇಂದ್ರನಿಗೂ ಹಿಟ್ ಪಾಯಿಂಟ್ ಕೊಟ್ಟಿದ್ದರು, ಹೊಡೆದು ಕೊಲ್ಲಬಹುದು ಅನ್ನುವ ಹಾಗೆ. ಅದು ಅವರಿಗೆ ದೂರದ ಪುರಾಣ. ಶ್ರವಣಬೆಳಗೊಳವಾಗಲಿ, ಬೇಲೂರಿನ ಗುಡಿಯಾಗಲಿ, ಬಾಬಾಬುಡನ್‌ಗಿರಿಯಾಗಲಿ ನಮಗೆ ನಾಳೆ ಬೆಳಗ್ಗೆ ಹೋಗಿ ಕೈಮುಗಿಯುವ ಜಾಗ. ಹೆಸರು, ದೇವರು ಎರಡನ್ನೂ ಬಿಟ್ಟುಬಿಡಿ, ಇತಿಹಾಸದ ಸನ್ನಿವೇಶ ಮಾತ್ರ ತೆಗೆದುಕೊಳ್ಳಿ. 1311ರಲ್ಲಿ ಮಲಿಕ್ ಕಾಫೂರ್‌ನ ಸೈನ್ಯ ದೋರಸಮುದ್ರದ ಮೇಲೆ ಬಂದು ಹೋದ ಮೇಲಿನ ಮೂವತ್ತು ವರ್ಷ ನೋಡಿ. ಲೂಟಿಯಾದ ರಾಜಧಾನಿ, ದೂರ ಸರಿದ ರಾಜ, ಯಾರ ಮಾತು ಕೇಳಬೇಕು ಅಂತ ತಿಳಿಯದ ಪಾಳೆಯಗಾರರು, ಎಲ್ಲೋ ಹೂತಿಟ್ಟ ಭಂಡಾರ. ಹೆಸರು ಬದಲಾಯಿಸಿದರೆ ಇದಕ್ಕಿಂತ ಒಳ್ಳೆಯ ಗ್ರೇಹಾಕ್ ಯಾರೂ ಬರೆದುಕೊಡಲಾರರು.

ಯಾರಿಗೆ ಯಾವುದು

ಗುಂಪಿನಲ್ಲಿ ಎಲ್ಲರೂ ಹೊಸಬರು, ಡಿಎಂ ಕೂಡ ಹೊಸಬ ಅಂದರೆ ಕರ್ಸ್ ಆಫ್ ಸ್ಟ್ರಾಡ್. ಯೋಚನೆ ಬೇಡ. ಸಂಜೆ ಎರಡು ಮೂರು ಗಂಟೆ ಮಾತ್ರ ಸಿಗುತ್ತದೆ, ಪ್ರತಿ ಸಲ ಬೇರೆ ಬೇರೆ ಜನ ಬರುತ್ತಾರೆ ಅಂದರೆ ಗ್ರೇಹಾಕ್ ಫೋಲಿಯೊ ಮತ್ತು ಶ್ಯಾಡೋಡಾರ್ಕ್. ವರ್ಷಗಟ್ಟಲೆ ಜೊತೆಗೆ ಆಡಿದ, ಒಬ್ಬರನ್ನೊಬ್ಬರು ನಂಬುವ ಗುಂಪಾದರೆ ಡಾರ್ಕ್ ಸನ್‌ಗೆ ಕೈ ಹಾಕಿ, 2010ರ ಪುಸ್ತಕ ಓದಿ, ಮೇಲಿನ ಬದಲಾವಣೆಗಳೊಂದಿಗೆ ಐದನೇ ಆವೃತ್ತಿಯಲ್ಲಿ ಆಡಿ. ಮಲೆನಾಡಿನ ದಾರಿ ಡಿಎಂಗೆ ಬರೆಯುವ ಹಂಬಲ ಇದ್ದರೆ ಮಾತ್ರ. ಆಟಗಾರರಿಗೆ ಇಂಗ್ಲಿಷ್ ಹೆಸರುಗಳು ಬಾಯಿಗೆ ಬರುವುದಿಲ್ಲ, ಮನೆಯವರನ್ನೂ ಕೂರಿಸಿಕೊಂಡು ಪೂರ್ತಿ ಕನ್ನಡದಲ್ಲೇ ಆಡಬೇಕು ಅನ್ನುವವರಿಗೂ ಅದೇ ಸರಿ.

ಬರೆದದ್ದನ್ನು ಪ್ರಕಟಿಸುವ ಯೋಚನೆ ಇದ್ದರೆ ಹುಷಾರು. ಮನೆಯಲ್ಲಿ ಆಡುವಾಗ ಯಾರೂ ಕೇಳುವುದಿಲ್ಲ, ಮಾರುವಾಗ ಕೇಳುತ್ತಾರೆ. ಐದನೇ ಆವೃತ್ತಿಯ ಮೂಲ ರೂಲ್ಸ್ ಇರುವ ಎಸ್‌ಆರ್‌ಡಿ 5.1 ದಾಖಲೆ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂತು. ಮೂಲ ಯಾವುದು ಅಂತ ಹೇಳಿ ಅದನ್ನು ಬಳಸಬಹುದು, ಕನ್ನಡಕ್ಕೂ ತರಬಹುದು, ಮಾರಲೂಬಹುದು. ಆದರೆ ಆಥಾಸ್, ಬರೋವಿಯಾ, ಅಲ್ಲಿನ ಜನ, ಅಲ್ಲಿನ ಕಥೆ ಕಂಪನಿಯ ಸ್ವತ್ತು. ಅವುಗಳಲ್ಲಿ ಕೆಲವು ಸೆಟ್ಟಿಂಗ್‌ಗೆ ಮಾತ್ರ ಡಿಎಮ್ಸ್ ಗಿಲ್ಡ್ ತಾಣದಲ್ಲಿ ಬರೆದು ಮಾರಲು ಅವಕಾಶ ಇದೆ. ಬಂದ ಹಣದಲ್ಲಿ ಅರ್ಧ ಬರೆದವರಿಗೆ. ಯಾವ ಸೆಟ್ಟಿಂಗ್‌ಗೆ ಅವಕಾಶ ಇದೆ ಅಂತ ಅಲ್ಲಿಯ ಪಟ್ಟಿ ನೋಡಿಯೇ ಬರೆಯಲು ಕೂರಿ. ಮಂಜು ತುಂಬಿದ ಘಟ್ಟ, ನಕ್ಷತ್ರದ ಕೋಟೆ, ವಯಸ್ಸಾಗದ ತೋಟದ ಒಡೆಯ, ಇವನ್ನು ನಿಮ್ಮದೇ ಹೆಸರು ಕೊಟ್ಟು ಬರೆದರೆ ಯಾರ ಅಪ್ಪಣೆಯೂ ಬೇಕಿಲ್ಲ.